ನಾವು ಕಾಲೇಜು ಸೇರ್ತಿದ್ದೀವಿ

"ನಾವು ಇವತ್ತು ಕಾಲೇಜು ಸೇರ್ತಿದ್ದೀವಿ," ಅಂದರು ಅಪ್ಪ, ಮಗನನ್ನು ಸಲೂನಿನ ಕುರ್ಚಿಗೆ ತಳ್ಳಿ ಕೂರಿಸುತ್ತ.

ಕ್ಷೌರಿಕ ಅವರ ನರೆತ ಮೀಸೆಯನ್ನೇ ದಿಟ್ಟಿಸಿದ. "ನೀವೂನಾ ಸಾರ್? ಈ ವಯಸ್ಸಲ್ಲಿ?"

"ತಮಾಷೆ ಸಾಕು, ಕತ್ತರಿ ಹಿಡಿ. ಮಧ್ಯಾಹ್ನದೊಳಗೆ ಹೋಗಿ ಸೀಟು ಗಟ್ಟಿ ಮಾಡ್ಕೋಬೇಕು. ಕಂಪ್ಯೂಟರ್ ಸೈನ್ಸ್ ತಗೊಂಡಿದ್ದೀವಿ."

ಬೀದಿಯಲ್ಲಿ ಆ ಕ್ಷೌರಿಕನಿಗೆ ಸಿಡುಕ ಅಂತಲೇ ಹೆಸರು. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಆದರೆ ಕೈ ಬೆಣ್ಣೆ; ಅದಕ್ಕೇ ಗಿರಾಕಿಗಳು ಅವನ ಬಾಯನ್ನು ಹೇಗೋ ಸಹಿಸಿಕೊಂಡಿದ್ದರು. ಬಿಳಿ ಬಟ್ಟೆ ಕೊಡವಿ ಹುಡುಗನ ಕುತ್ತಿಗೆಗೆ ಸುತ್ತಿದ. ಬಟ್ಟೆಯ ಮೇಲೆ ಒಂದು ತಲೆ, ಎರಡು ಕಣ್ಣು ಉಳಿದವು. ನೀರು ಚಿಮುಕಿಸಿ, ಬಾಚಿ, ಎಡಗಡೆಯಿಂದ ಶುರುಮಾಡಿದ.

"ಯಾವ ಕಾಲೇಜು?"

"ಅದೇ, ಹೆದ್ದಾರಿ ಪಕ್ಕದ್ದು. ಅಡಿಯಿಂದ ಮುಡಿವರೆಗೆ ಗಾಜು! ಬಸ್ಸು ಮನೆ ಬಾಗಿಲಿಗೇ ಬರುತ್ತೆ. ನನ್ನ ಭಾವಮೈದುನನ ಮಗನೂ ಅಲ್ಲೇ ಸೇರಿದಾನೆ."

"ಪಾಠ ಹೇಳೋರು ಹೇಗಂತೆ?"

"ಅದನ್ನೆಲ್ಲ ಕೇಳೋಕಾಗುತ್ತೇನಯ್ಯ? ಅಷ್ಟು ದೊಡ್ಡ ಕಾಲೇಜು, ಏನಂದ್ಕೊಂಡಾರು!"

"ಸಾಯಂಕಾಲ ಕಾಲೇಜು ಬಿಡೋ ಹೊತ್ತಿಗೆ ಗೇಟಿನ ಹತ್ರ ನಿಂತು, ಅಲ್ಲಿ ಓದೋ ಹುಡುಗರನ್ನಾದ್ರೂ ಕೇಳಬಾರದಾ?"

"ಹುಡುಗರನ್ನ ಕೇಳೋದಾ!" ಅಪ್ಪ ನಕ್ಕರು. "ಹುಡುಗರಿಗೇನು ಗೊತ್ತಾಗುತ್ತೆ?"

ಸಿಡುಕನ ಕತ್ತರಿ ಸುಮ್ಮನೆ ಗಾಳಿಯಲ್ಲಿ ಚಕಚಕ ಅಂದಿತು. ಇದೇ ಮನುಷ್ಯ ಹೋದ ಸಲ ಗಡ್ಡಕ್ಕೆ ಕೂತಾಗ ಬ್ಲೇಡು ಹೊಸದಾ ಅಂತ ಕೇಳಿ, ಕಣ್ಣೆದುರಿಗೇ ಕಾಗದ ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಿದ್ದರು. ತನ್ನ ಗಲ್ಲಕ್ಕೆ ಅಷ್ಟು ವಿಚಾರಣೆ. ಮಗನ ಬಾಳಿಗೆ ಗಾಜು ಸಾಕು.

"ಯಾರಾದ್ರೂ ಮೋಸ ಹೋದ್ರೆ ಜನ ತಲೆ ಬೋಳಿಸಿದ್ರು ಅಂತಾರೆ ಸಾರ್. ನಮ್ಮ ಕೆಲಸಕ್ಕೆ ಕೆಟ್ಟ ಹೆಸರು. ನಿಜವಾಗಿ ಬೋಳಿಸೋರು ಗಾಜಿನ ಹಿಂದೆ ಕೂತಿರ್ತಾರೆ. ನಾವು ಬೋಳಿಸಿದ್ದಾದ್ರೆ ಮತ್ತೆ ಬೆಳೆಯುತ್ತೆ."

"ಕೈ ಆಡಿಸಯ್ಯ, ನಾಲಿಗೆ ಬೇಡ."

ಸಿಡುಕ ಕನ್ನಡಿಯೊಳಗಿನ ಹುಡುಗನನ್ನು ಕೇಳಿದ: "ಮಾರ್ಕ್ಸು ಹೇಗ್ ಬಂತೋ?"

ಹುಡುಗ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಪ್ಪನ ಉತ್ತರ ಬಂತು. "ಎರಡೂ ಭಾಷೆಲಿ ಒಳ್ಳೇ ಮಾರ್ಕ್ಸ್ ತಗೊಂಡ್ವಿ. ವಿಜ್ಞಾನಾನೂ ಪರವಾಗಿಲ್ಲ, ಚೆನ್ನಾಗೇ ಬರೆದ್ವಿ. ಗಣಿತ ಒಂದು ಇವನು ಕೆಡಿಸ್ಕೊಂಡ."

ಕತ್ತರಿ ನಿಂತಿತು. "ಮಾರ್ಕ್ಸ್ ಬಂದ್ರೆ ನಾವು, ಕೆಟ್ರೆ ಇವನು! ಚೆನ್ನಾಗಿದೆ ಸಾರ್ ನಿಮ್ಮ ವ್ಯಾಕರಣ. ಅಲ್ಲ, ಗಣಿತ ಕಂಡ್ರಾಗದೋನಿಗೆ ಕಂಪ್ಯೂಟರ್ರಾ?"

"ಒಂಬತ್ತನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದೋನು ನೀನು. ಕಾಲೇಜಿನ ಮಾತು ನಿನಗ್ಯಾಕೆ?"

ಸಿಡುಕನ ಕಿವಿ ಕೆಂಪಾಯಿತು. ಶರಣು ಹೊಡೆದದ್ದು ಅವನಲ್ಲ. ಅಂದು ಅವನಪ್ಪ, ದೊಡ್ಡಪ್ಪ, ಸೋದರಮಾವ ಒಳಗೆ ಕೂತು ಮಾತು ಮುಗಿಸಿದ ಮೇಲೆ, ಬಾಗಿಲಾಚೆ ನಿಂತಿದ್ದವನನ್ನು ಕರೆದು ಕೈಗೆ ಬಾಚಣಿಗೆ ಕೊಟ್ಟಿದ್ದರು. ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಎಮ್ಮೆ ಕೊಳ್ಳುವವರು ಕೂಡ ಅದರ ಬಾಯಿ ತೆರೆಸಿ ನೋಡುತ್ತಾರೆ.

ಕುರ್ಚಿಯನ್ನು ಗರ್ರನೆ ಮೂಲೆಯ ಕಡೆಗೆ ತಿರುಗಿಸಿ ಹುಡುಗನೆದುರು ನಿಂತ. ಈಗ ಅಪ್ಪನಿಗೆ ಮಗನ ಬೆನ್ನು ಮಾತ್ರ ಕಾಣುತ್ತಿತ್ತು.

"ನೀನು ಹೇಳೋ. ಏನಾಗ್ಬೇಕು ನಿನಗೆ?"

ಬಟ್ಟೆಯೊಳಗೆ ಹುಡುಗನ ಕೈಗಳು ಮಿಸುಕಾಡಿದವು. "ಮೇಷ್ಟ್ರಾಗ್ಬೇಕು," ಅಂದ. "ಚಿಕ್ಕ ಮಕ್ಕಳಿಗೆ. ಪೇಟೆ ಆಚೆ ಶಿಕ್ಷಕರ ಕಾಲೇಜಿದೆಯಲ್ಲ, ಅಲ್ಲಿ... ಒಂದಿನ ಹೋಗಿ ಕಿಟಕಿ ಹತ್ರ ನಿಂತು ಪಾಠ ಕೇಳಿಸ್ಕೊಂಡು ಬಂದೆ."

"ಮೇಷ್ಟ್ರು!" ಅಪ್ಪ ಬೆಂಚು ಬಿಟ್ಟು ಎದ್ದರು. "ಕಂಡೋರ ಮಕ್ಕಳ ಮೂಗು ಒರೆಸೋಕಾ ನಾವು ಇಷ್ಟು ಓದಿದ್ದು?"

"ನಿಮ್ಮ ಮಗನಿಗೆ ಒಳ್ಳೇ ಮೇಷ್ಟ್ರು ಬೇಕು ತಾನೇ ಸಾರ್? ಆ ಮೇಷ್ಟ್ರು ಯಾರ ಮಗ ಆಗಿರ್ಬೇಕು? ಪಕ್ಕದ ಮನೆಯವನಾ?"

"ಏಳೋ! ಬೇರೆ ಅಂಗಡಿ ಸತ್ತು ಹೋಗಿಲ್ಲ, ನಡಿ."

ಹುಡುಗ ಏಳಲಿಲ್ಲ. ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡ. ಬೆನ್ನು ತಿರುಗಿಸಿಕೊಂಡೇ ಹೇಳಿದ, "ನಾನು ಬರಲ್ಲಪ್ಪ."

ಅಪ್ಪ ಜೇಬಿನಿಂದ ಸ್ಕೂಟರಿನ ಕೀಲಿ ಕಿತ್ತರು. "ಹಾಗಾ? ಹಾಗಾದ್ರೆ ಇವತ್ತಿಂದ ನೀನು ಬೇರೆ, ನಾವು ಬೇರೆ!" ಬಾಗಿಲು ದಢಾರನೆ ಬಡಿದು ಮತ್ತೆ ತೆರೆದುಕೊಂಡಿತು. ಹೊರಗೆ ಸ್ಕೂಟರು ಒದೆ ತಿಂದು ಕೆಮ್ಮಿತು, ಬೀದಿ ಮೂಲೆ ತಿರುಗಿತು.

"ಭೇಷ್!" ಸಿಡುಕನಿಗೆ ತಾನೇ ಗೆದ್ದಷ್ಟು ಎದೆ ಉಬ್ಬಿತು. ಕುರ್ಚಿಯನ್ನು ಕನ್ನಡಿಯ ಕಡೆಗೆ ತಿರುಗಿಸಿದ. ಎಡಗಡೆ ಕೂದಲು ಕಿವಿಯ ಮೇಲಕ್ಕೆ ಏರಿತ್ತು, ಬಲಗಡೆಯದು ಹಾಗೇ ಜೋತಾಡುತ್ತಿತ್ತು. "ಈಗ ಹೇಳು ನನ್ನಪ್ಪ, ಹೆದರಬೇಡ. ಹೇಗೆ ಕತ್ತರಿಸಲಿ? ಗಿಡ್ಡನಾ? ಉದ್ದ ಬಿಡಲಾ? ಬೈತಲೆ ಯಾವ ಕಡೆಗೆ?"

ಹುಡುಗ ಕನ್ನಡಿ ನೋಡಿದ. ಬೈತಲೆಯ ಮಾತೂ ಇದುವರೆಗೆ ಹಿಂದಿನ ಬೆಂಚಿನಿಂದಲೇ ಬರುತ್ತಿತ್ತು. ಆಮೇಲೆ ಮೆಲ್ಲಗೆ ಕತ್ತು ಹೊರಳಿಸಿ, ಬರಿದಾದ ಬಾಗಿಲಿನ ಕಡೆ ನೋಡಿದ.