ಹೋಗದ ಅರಿಶಿನ

ಅಂಜಿನಮ್ಮ ಮಗುವಿಗೆ ಎರಡನೇ ಸಲ ಕಡಲೆಹಿಟ್ಟು ಹಚ್ಚಿ ತೊಳೆದಳು. ಅರಿಶಿನ ಹೋಗಲಿಲ್ಲ. ಚಾಮರಾಜಪೇಟೆಯ ಆ ಮನೆಗೆ ಒಂಬತ್ತು ದಿನದಿಂದ ಬಂದು ಬಾಣಂತಿಗೂ ಮಗುವಿಗೂ ಎಣ್ಣೆ ಅರಿಶಿನ ಹಚ್ಚಿ ನೀರು ಹಾಕುತ್ತಿದ್ದವಳು ಅವಳೇ. ಅದೂ ಬಚ್ಚಲಿನ ಹೊಗೆಯಲ್ಲಿ, ಮಿಣಮಿಣ ಅನ್ನುವ ಬಲ್ಬಿನ ಕೆಳಗೆ. ಇವತ್ತು ಕರೆಂಟು ಹೋಗಿತ್ತು. ಬಿಸಿನೀರನ್ನು ಹಿತ್ತಿಲಿಗೆ ತಂದು, ಒಗೆಯುವ ಕಲ್ಲಿನ ಪಕ್ಕ ಕಾಲು ಚಾಚಿ ಕೂತಿದ್ದಳು. ಹತ್ತು ಗಂಟೆಯ ಬಿಸಿಲು ಚೆನ್ನಾಗಿಯೇ ಬಿದ್ದಿತ್ತು.

ಮಗು ನೀರಿಗೂ ಅಳಲಿಲ್ಲ, ಉಜ್ಜಿದ್ದಕ್ಕೂ ಅಳಲಿಲ್ಲ. ಅಂಜಿನಮ್ಮ ಬೆರಳಿನಿಂದ ರೆಪ್ಪೆ ಸರಿಸಿ ನೋಡಿದಳು. ಆಮೇಲೆ ಮನೆಯೊಡತಿ ಸುಂದರಮ್ಮನನ್ನು ಕೂಗಿದಳು.

"ಅಮ್ಮಾವ್ರೇ, ಅರಿಶ್ಣ ಹೋಗ್ತಾ ಇಲ್ಲ. ಕಣ್ಣೊಳಗೂ ಐತೆ."

ಸುಂದರಮ್ಮ ಮೊದಲು ಅವಳನ್ನೇ ಗದರಿಸಿದಳು, ಹಸುಗೂಸನ್ನು ಬಿಸಿಲಿಗೆ ಯಾಕೆ ತಂದೆ ಅಂತ. ಆ ಮನೆಯಲ್ಲಿ ಬಾಣಂತಿ ಕೋಣೆ ಅಂದರೆ ಕೋಣೆಯೇ. ಕಿಟಕಿಗೆ ಕಂಬಳಿ ಹೊಡೆದು, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, ಹನ್ನೊಂದು ದಿನ ಬೆಳಕು ಒಳಗೆ ಇಣುಕುವ ಹಾಗಿಲ್ಲ. ಎಳೇ ಕಣ್ಣಿಗೆ ಬಿಸಿಲು ಬಿದ್ದರೆ ದೃಷ್ಟಿ ಹೋಗುತ್ತದೆ ಎಂದು ಸುಂದರಮ್ಮನಿಗೆ ಅವಳ ಅತ್ತೆ ಹೇಳಿದ್ದರು. ಅದೇ ಕೋಣೆಯಲ್ಲಿ ಸುಂದರಮ್ಮ ಆರು ಹೆತ್ತು, ಆರೂ ಬದುಕಿದ್ದವು. ಮಗು ಹಾಲು ಎಳೀತಾ ಇಲ್ಲ, ಎಬ್ಬಿಸಿದರೂ ನಿದ್ದೆ, ಡಾಕ್ಟರಿಗೆ ತೋರಿಸೋಣ ಎಂದು ಮಗಳು ಗೋದಾ ನಾಲ್ಕನೇ ದಿನದಿಂದ ಹೇಳುತ್ತಲೇ ಇದ್ದಳು. ಆರು ಹೆತ್ತವಳ ಎದುರು ಚೊಚ್ಚಲ ಬಾಣಂತಿಯ ಮಾತು ಎಲ್ಲಿ ನಡೆದೀತು! ಅಳದ ಮಗು ಸಿಕ್ಕಿದ್ದು ನಿನ್ನ ಪುಣ್ಯ ಕಣೆ ಎಂದು ತಾಯಿ ಬಾಯಿ ಮುಚ್ಚಿಸಿದ್ದಳು. ಬಂದು ಹೋದ ಹೆಂಗಸರೂ ಹಾಗೇ ಹೊಗಳಿದರು.

ಈಗ ಸುಂದರಮ್ಮ ಬಗ್ಗಿ ಆ ಕಣ್ಣುಗಳನ್ನು ನೋಡಿದಳು. ಒಗೆಯುವ ಕಲ್ಲಿನ ಮೇಲೇ ಕೂತುಬಿಟ್ಟಳು.

ಮಕ್ಕಳ ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗಲೂ ಮಗುವನ್ನು ತಲೆಯಿಂದ ಕಾಲಿನವರೆಗೆ ಶಾಲಿನಲ್ಲಿ ಸುತ್ತಿದ್ದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಾಮಾಲೆ ಎಷ್ಟೋ ಹಸುಗೂಸುಗಳಿಗೆ ಬರುತ್ತದೆ, ಮೂರನೇ ನಾಲ್ಕನೇ ದಿನ ಬೆಳಕಲ್ಲಿ ನೋಡಿದ್ದರೂ ಗೊತ್ತಾಗುತ್ತಿತ್ತು, ಈಗ ಮಿದುಳಿಗೆ ಹತ್ತಿದೆ ಎಂದರು. ಮಗುವಿನ ರಕ್ತ ಬದಲಾಯಿಸಿ, ಟ್ಯೂಬ್‌ಲೈಟುಗಳ ಕೆಳಗೆ ಬರಿಮೈಯಲ್ಲಿ ಮಲಗಿಸಿದರು. ಕಣ್ಣಿಗೆ ಮಾತ್ರ ಕಪ್ಪು ಬಟ್ಟೆ ಕಟ್ಟಿದ್ದರು.

ಅದು ಯಾಕೆಂದು ಸುಂದರಮ್ಮ ನರ್ಸನ್ನು ಕೇಳಿದಳು. ಇಷ್ಟು ಬೆಳಕು ಎಳೇ ಕಣ್ಣಿಗೆ ತಡೆಯಲ್ಲ, ಮೈಗೆ ಬೇಕು ಎಂದಳು ನರ್ಸು. ಹಾಗಾದರೆ ತನ್ನ ಮಾತಿನಲ್ಲಿ ಅರ್ಧವಾದರೂ ಸರಿಯಿತ್ತಲ್ಲ ಅನ್ನಿಸಿ ಆ ಮುದಿಜೀವಕ್ಕೆ ಒಂದು ಆಸೆ ಹುಟ್ಟಿತು. ಎರಡು ದಿನ ಅದೇ ಆಸೆಯಲ್ಲಿ ಗಾಜಿನ ಆಚೆ ನಿಂತಿದ್ದಳು.

ಮೂರನೇ ದಿನ ಬೆಳಿಗ್ಗೆ ಮಗುವಿನ ಉಸಿರು ನಿಂತ ಮೇಲೆ ನರ್ಸು ದೀಪ ಆರಿಸಿದಳು. ಕಣ್ಣಿನ ಬಟ್ಟೆ ಬಿಚ್ಚಿ, ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗೋದಾಳ ಕೈಗೆ ಕೊಟ್ಟಳು. ಗೋದಾಳ ಗಂಡ ಚಕ್ರಪಾಣಿ ಆಟೋ ತರಲು ಹೋದ. ತಾಯಿ ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತರು. ಎಳೆಬಿಸಿಲು ನೇರವಾಗಿ ಮಗುವಿನ ಮುಖದ ಮೇಲೆ ಬಿತ್ತು. ಸುಂದರಮ್ಮನ ಕೈ ತಾನಾಗಿ ಎದ್ದು ಸೆರಗನ್ನು ಅಡ್ಡ ಹಿಡಿಯಿತು.

ಗೋದಾ ಆ ಸೆರಗನ್ನು ಸರಿಸಿದಳು.

"ತೆಗಿಯಮ್ಮ. ನಾನಿನ್ನೂ ಇದರ ಮುಖಾನೇ ಸರಿಯಾಗಿ ನೋಡಿಲ್ಲ."