ಬುದ್ಧಿ ಬಂದಿದೆಯೆಂಬ ಕಾಗದ

"ಸೀದಿ, ಇವಳಿಗೆ ಇನ್ನೂ ತಲೆ ನೆಟ್ಟಗೆ ಬಾಚ್ಕೊಳ್ಳೋಕೆ ಬರಲ್ಲ. ಬುದ್ಧಿ ಬಂದಿದೆ ಅಂತ ಸರ್ಕಾರದ ಕಾಗದ ಬೇಕಂತೆ, ಕಾಗದ!"

ಕೌಟುಂಬಿಕ ನ್ಯಾಯಾಲಯದ ಆ ಇಕ್ಕಟ್ಟು ಕೋಣೆಯಲ್ಲಿ ಬುಷ್ತಾ ನ್ಯಾಯಾಧೀಶರನ್ನು ಸೀದಿ, ಅಂದರೆ ಒಡೆಯಾ, ಎಂದು ಕರೆದು ಹೀಗೆ ಗಂಟಲು ಹರಿದುಕೊಳ್ಳುತ್ತಿದ್ದರೆ, ಪಕ್ಕದಲ್ಲಿ ನಿಂತಿದ್ದ ಮಗಳು ಶಾಮಾ ನಿಲುವಂಗಿಯ ತೋಳಿಗೆ ಮೆತ್ತಿದ್ದ ಬೂದಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವಳಿಗೆ ಹದಿನಾರೂವರೆ. ತಾಯಿ ಸಾಯುವ ಮೊದಲು ಕೇರಿಯವರೆಲ್ಲ ರೊಟ್ಟಿ ಸುಡಿಸಿಕೊಳ್ಳುವ ಒಲೆಯನ್ನು ಅವಳಿಗೇ ಬರೆದಿಟ್ಟಿದ್ದಳು. ಹೆಸರು ಮಗಳದು, ಅವಳಿಗೆ ವಯಸ್ಸು ತುಂಬುವವರೆಗೆ ಹೆಬ್ಬೆಟ್ಟು ಮಾತ್ರ ಅಪ್ಪನದು. ಆ ಅಪ್ಪ ಈಗ ಒಲೆಯನ್ನು ಕಾಸಾಬ್ಲಾಂಕಾದ ಸಾಹುಕಾರನೊಬ್ಬನಿಗೆ ಮಾರಲು ಹೊರಟಿದ್ದ. ಒಲೆಯ ಜಾಗದಲ್ಲಿ ಪ್ರವಾಸಿಗರಿಗೆ ಹೋಟೆಲು ಬರುತ್ತದಂತೆ, ಬುಷ್ತಾನಿಗೆ ಮೂರು ಗಾಲಿಯ ಗಾಡಿ ಬರುತ್ತದಂತೆ. ಶಾಮಾಗೆ ಏನು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ನೋಡಮ್ಮ, ನಿನಗಿರೋ ದಾರಿ ಮೂರು," ಎಂದರು ನ್ಯಾಯಾಧೀಶರು. "ಹದಿನೆಂಟು ತುಂಬಿ ಆಸ್ತಿ ಕೈಗೆ ಬರೋವರೆಗೆ ಸುಮ್ಮನಿರೋದು ಒಂದು."

"ಅಷ್ಟರಲ್ಲಿ ನನ್ನ ಒಲೆ ಬಾಯಲ್ಲಿ ಯಾರೋ ಕೂತು ಫೋಟೊ ತೆಗೆಸ್ಕೊಳ್ತಿರ್ತಾರೆ ಸೀದಿ."

"ಮಗಳಿಗೆ ಬುದ್ಧಿ ಬಂದಿದೆ ಅಂತ ನಿಮ್ಮಪ್ಪಾನೇ ಅರ್ಜಿ ಹಾಕೋದು ಇನ್ನೊಂದು."

"ನಾನಾ?" ಬುಷ್ತಾ ಹೆಬ್ಬೆಟ್ಟು ಎತ್ತಿ ತೋರಿಸಿದ. "ಬೇಕಾದ್ರೆ ಇದನ್ನ ಕೆಂಡಕ್ಕೆ ಒತ್ತೇನು, ಆ ಕಾಗದಕ್ಕೆ ಒತ್ತಲ್ಲ!"

"ಹಾಗಾದ್ರೆ ಉಳಿದಿದ್ದು ಒಂದೇ. ನನ್ನನ್ನ ಒಪ್ಪಿಸು. ನಿನಗೆ ಬುದ್ಧಿ ಬಂದಿದೆ ಅನ್ನೋಕೆ ಏನಮ್ಮ ಪುರಾವೆ?"

ಗುಮಾಸ್ತ ತುಹಾಮಿ ಪೆನ್ನು ಹಿಡಿದು ಕಾದ. ಶಾಮಾ ಬೂದಿ ಕೆರೆಯುವುದನ್ನು ಬಿಟ್ಟು ತಲೆಯೆತ್ತಿದಳು.

"ದಿನಾ ಬೆಳಿಗ್ಗೆ ಎಂಬತ್ತು ಮನೆಯಿಂದ ಹಲಗೆ ಮೇಲೆ ಹಸಿ ರೊಟ್ಟಿ ಬರುತ್ತೆ ಸೀದಿ. ಒಂದರ ಮೇಲೂ ಹೆಸರಿರಲ್ಲ. ಬೆರಳಿನ ಗುರುತು ನೋಡಿದ್ರೆ ಸಾಕು, ಯಾರು ತಟ್ಟಿದ್ದು ಅಂತ ಹೇಳ್ತೀನಿ. ಎರಡು ಹೆಚ್ಚಿಗೆ ಬಂದ್ರೆ ನೆಂಟರು ಬಂದಿದಾರೆ. ಎರಡು ಕಮ್ಮಿಯಾದ್ರೆ ಯಾರೋ ಮುನಿಸ್ಕೊಂಡು ಗಂಟು ಕಟ್ಟಿ ತವರಿಗೆ ಹೋಗಿದಾರೆ. ಅತ್ತೆಗೆ ಒಂದು ಹಿಟ್ಟು, ಗಂಡನಿಗೆ ಒಂದು ಹಿಟ್ಟು ನಾದೋ ಸೊಸೆ ಯಾರು ಅಂತಾನೂ ಗೊತ್ತು. ಅಮ್ಮ ಹೋಗಿ ಎರಡು ವರ್ಷ ಆಯ್ತು. ನನ್ನ ಬಾಯಿಂದ ಹೊರಬಿದ್ದ ಒಂದೇ ಒಂದು ಸುದ್ದೀನ ಕೇರೀಲಿ ಯಾರಾದ್ರೂ ಕೇಳಿದ್ರೆ, ಈ ಅರ್ಜಿ ಹರಿದುಹಾಕಿ."

"ಎಲ್ಲಿ, ಒಂದು ಉದಾಹರಣೆ ಕೊಡು."

"ಕೊಟ್ರೆ ಹರೀಬೇಕಾಗುತ್ತಲ್ಲ ಸೀದಿ."

ನ್ಯಾಯಾಧೀಶರ ಮೀಸೆ ಸ್ವಲ್ಪ ಅಲುಗಿತು. ಮಗಳು ಸಿಕ್ಕಿಬಿದ್ದಳೆಂದುಕೊಂಡ ಬುಷ್ತಾನಿಗೆ ಹಿಗ್ಗೋ ಹಿಗ್ಗು.

"ನೋಡಿದ್ರಾ! ಬಾಯಿ ಬಿಡು ಅಂದ್ರೆ ಏನೂ ಇಲ್ಲ! ದಿನಾ ಅಲ್ಲಿ ಬೆನ್ನು ಕಾಯಿಸ್ಕೊಳ್ತಾ ಕೂರೋ ನನಗೇ ಇವಳಿಗಿಂತ ಚೆನ್ನಾಗಿ ಗೊತ್ತು. ದೂರ ಯಾಕೆ, ನಿಮ್ಮ ಮನೇದೇ ತಗೊಳ್ಳಿ. ಆರು ರೊಟ್ಟಿ ಬರ್ತಿತ್ತು. ರಂಜಾನ್ ಕಳೆದ ಮೇಲೆ ಒಂದೇ ಒಂದು! ಅದೂ ಗಂಡಸು ನಾದಿದ್ದು. ಅಂಚೆಲ್ಲ ಕತ್ತೆ ಕಡಿದ ಹಾಗೆ!"

ತುಹಾಮಿಯ ಪೆನ್ನು ಗಕ್ಕನೆ ನಿಂತಿತು. ನ್ಯಾಯಾಧೀಶರು ಮೇಜಿನ ಮೇಲಿದ್ದ ಎರಡೂ ಕೈಗಳನ್ನು ಮೆಲ್ಲಗೆ ಕಡತದ ಕೆಳಗೆ ಸರಿಸಿಕೊಂಡರು. ಶಾಮಾ ಕಣ್ಣು ಮುಚ್ಚಿಕೊಂಡಳು. ಎಲ್ಲ ಮುಗಿಯಿತು, ಇನ್ನು ಒಲೆ ಹೋದ ಹಾಗೆಯೇ. ಆ ಕತ್ತೆ ಕಡಿದ ಅಂಚನ್ನು ದಿನವೂ ಅಪ್ಪ ಅತ್ತ ತಿರುಗಿದಾಗಲೋ, ಎದ್ದು ಹೋದ ಮೇಲೋ, ಅಂತೂ ಯಾರೂ ನೋಡದಾಗ ಮತ್ತೊಮ್ಮೆ ತಟ್ಟಿ, ದುಂಡಗೆ ಮಾಡಿ ಒಲೆಗೆ ತಳ್ಳುತ್ತಿದ್ದವಳು ಅವಳೇ.

ನ್ಯಾಯಾಧೀಶರು ಅವಳ ಕಡೆ ಬಾಗಿದರು. ದನಿ ಕೋರ್ಟಿನದಾಗಿರಲಿಲ್ಲ.

"ಅಲ್ಲಮ್ಮ... ಮನೆಗೆ ವಾಪಸ್ ಬರುವಾಗ ಅದು ದುಂಡಗೇ ಇರ್ತಿತ್ತಲ್ಲ?"

"ಒಲೆ ಒಳ್ಳೇದು ಸೀದಿ."

ಅವರು ಅವಳನ್ನೇ ನೋಡಿದರು. ತುಹಾಮಿ ಕೆಮ್ಮಿದ.

"ಇದನ್ನೂ ಬರೀಲಾ ಸೀದಿ?"

"ಹುಡುಗಿಗೆ ಬುದ್ಧಿ ಬಂದಿದೆ, ನ್ಯಾಯಾಲಯಕ್ಕೆ ಮನವರಿಕೆಯಾಗಿದೆ ಅಂತ ಬರಿ. ಅವಳ ಆಸ್ತಿ ಇವತ್ತಿಂದ ಅವಳ ಕೈಗೆ."

"ತಂದೆ ಬುದ್ಧಿ ವಿಷಯ?"

"ಅವನು ಅರ್ಜಿ ಹಾಕಿಲ್ಲ."

"ಅಂದ್ರೆ ನನ್ನ ಗಾಡಿ?" ಎಂದು ಬುಷ್ತಾ ಎಲ್ಲರ ಮುಖವನ್ನೂ ಸರದಿಯಂತೆ ನೋಡಿದ.

"ನಡಿ ಅಪ್ಪ, ಹಲಗೆಗಳು ಬಂದು ಕೂತಿರ್ತವೆ," ಎಂದು ಶಾಮಾ ಅವನ ತೋಳು ಹಿಡಿದಳು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ತುಹಾಮಿ ಕುರ್ಚಿ ಬಿಟ್ಟು ಓಡಿಬಂದ. ತುಟಿ ಕಚ್ಚಿಕೊಂಡು, ದನಿ ತಗ್ಗಿಸಿ, "ಮಗಳೇ, ನಮ್ಮ ಮನೆ ಹಲಗೆ..." ಎಂದ.

"ಯಾವ ಹಲಗೆ, ಸೀದಿ ತುಹಾಮಿ?"

ತುಹಾಮಿ ನಿರಾಳವಾಗಿ ಉಸಿರು ಬಿಟ್ಟ. ವಕೀಲರು ಬಂದಾಗಲೂ ಆ ಬಾಗಿಲಿನ ಒಂದೇ ಕದ ತೆರೆಯುತ್ತಿದ್ದುದು. ಈಗ ಅವನು ಬಗ್ಗಿ, ತುಕ್ಕು ಹಿಡಿದ ಅಗುಳಿಯನ್ನು ಎರಡು ಕೈಯಿಂದ ಎಳೆದು, ಇನ್ನೊಂದು ಕದವನ್ನೂ ತೆರೆದ.