ಬರಿಗಾಲಿನ ಟ್ರಯಲ್

ಕರೆಂಟು ಪರೀಕ್ಷಿಸುವ ಸೀರೀಸ್ ಬಲ್ಬು ಝಗ್ಗನೆ ಹೊತ್ತಿಕೊಂಡಿತು. ನವ್ಯಾ ಬಲ್ಬಿನ ಒಂದು ವಯರನ್ನು ಬಡಗಿಗಳ ರೂಟರಿನ ಪ್ಲಗ್ಗಿಗೂ ಇನ್ನೊಂದನ್ನು ಅದರ ಲೋಹದ ಮೈಗೂ ಮುಟ್ಟಿಸಿದ್ದಳು. ಉರಿಯಬಾರದ ಬಲ್ಬು ಉರಿಯಿತೆಂದರೆ ಯಂತ್ರದ ಮೈತುಂಬ ಕರೆಂಟು ಹರಿಯುತ್ತಿದೆ ಎಂದೇ ಅರ್ಥ.

ಮರದ ಅಂಚಿಗೆ ಹೂಬಳ್ಳಿ ಕೊರೆಯುವ ಈ ಯಂತ್ರವನ್ನು ಗುರುವಾಯನಕೆರೆಯ ಅವಳ ರಿಪೇರಿ ಅಂಗಡಿಗೆ ತಂದವನು ಬಡಗಿ ಅನ್ಸಾಫ್. "ಓಡ್ತದೆ, ನಿಲ್ತದೆ ಅಕ್ಕ. ಧಣಿಗೆ ನಾಳೆಗೇ ಬೇಕಂತೆ" ಎಂದವನು, ಹೊರಡುವಾಗ ತಲೆ ತಗ್ಗಿಸಿ, "ಅದೇ ಮೆಷಿನ್" ಎಂದಿದ್ದ.

ವಾಮದಪದವಿನ ಹೊಸ ಮನೆಯೊಂದಕ್ಕೆ ಬಾಗಿಲು ಕೆತ್ತುತ್ತಿದ್ದ ಅವಳ ತಮ್ಮ ರೋಹಿತ್ ಇದನ್ನು ಹಿಡಿದುಕೊಂಡೇ ಕರೆಂಟು ಹೊಡೆದು ಸತ್ತಿದ್ದ. "ಮೆಷಿನ್ ಫಸ್ಟ್‌ಕ್ಲಾಸ್ ಉಂಟು. ಪ್ಲಗ್ ಬಿಟ್ಟು ಬರೀ ವಯರು ಸಿಕ್ಕಿಸಿದ. ಹುಡುಗನದ್ದೇ ತಪ್ಪು" ಎಂದು ಕಂಟ್ರಾಕ್ಟರ್ ಶಿವಕೃಷ್ಣ ಪೊಲೀಸರೆದುರು ಕೈ ತೊಳೆದುಕೊಂಡ. ಹಿರಿಯ ಬಡಗಿ ಶೀನಪ್ಪನೂ ಧಣಿಯ ಮಾತಿಗೆ ಹೂಂಗುಟ್ಟಿದ. ಊರು ನಂಬಿತು. ಹೆತ್ತ ತಾಯಿ ಸರಸ ಕೂಡ ನಂಬಿ, ಮಗನ ಪೆದ್ದುತನವನ್ನೇ ಹಳಿದು ಅತ್ತಳು. ನವ್ಯಾಳಿಗೆ ಸಾವಿಗಿಂತ ಹೆಚ್ಚು ಉರಿದದ್ದು ಇದು.

ಮೋಟಾರಿನ ಕಾರ್ಬನ್ ಬ್ರಶ್ ಸರಿಯಿತ್ತು, ಸ್ವಿಚ್ಚೂ ಸರಿಯಿತ್ತು. ವಯರು ಒಳಗೆ ಹೋಗುವ ಬಾಯಿ ಬಿಚ್ಚಿದಳು. ತಿರುಚಿ ಜೋಡಿಸಿದ ತಂತಿ, ಅದರ ಮೇಲೆ ಸುಲಿದುಹೋದ ಟೇಪು. ತಂತಿಯ ಎಳೆಗಳು ಲೋಹಕ್ಕೆ ತಾಗುತ್ತಿದ್ದವು. ಕಾಪಾಡಬೇಕಿದ್ದ ಹಸಿರು ಅರ್ತ್ ವಯರನ್ನು ಎರಡು ಪಿನ್ನಿನ ಪ್ಲಗ್ ಹಾಕುವ ಆಸೆಗೆ ಯಾರೋ ಬುಡದಲ್ಲೇ ಕತ್ತರಿಸಿದ್ದರು.

ಈ ಕರೆಂಟು ಒಮ್ಮೆ ಆ ಕಂಟ್ರಾಕ್ಟರಿಗೂ ತಗಲಬೇಕು, ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡಳು ನವ್ಯಾ. ಸ್ಕ್ರೂಡ್ರೈವರ್ ಎತ್ತಿಕೊಂಡವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಅನ್ಸಾಫನಿಗೆ ಫೋನ್ ಮಾಡಿ, "ಧಣಿಯೇ ಬರಬೇಕು. ಕೆಲಸದವರನ್ನೂ ಕರಕೊಂಡು ಬರಲಿ" ಎಂದಳು.

ಮರುದಿನ ಬೆಳಿಗ್ಗೆ ಅಂಗಡಿಯ ನೆಲಕ್ಕೆ ಎರಡು ಕೊಡ ನೀರು ಸುರಿದು ತೊಳೆದಳು. ಒರೆಸಲಿಲ್ಲ.

ಶಿವಕೃಷ್ಣ ಶೀನಪ್ಪನನ್ನೂ ಅನ್ಸಾಫನನ್ನೂ ಕೂರಿಸಿಕೊಂಡು ಪಿಕಪ್ಪಿನಲ್ಲಿ ಬಂದ. ಸಾವಿನ ಮನೆಗೆ ಕಾಲಿಡದ ಅವನಿಗೆ ಇವಳು ಯಾರೆಂದೇ ಗೊತ್ತಿರಲಿಲ್ಲ. ಮನೆಗೆ ತಾಗಿಕೊಂಡ ಅಂಗಡಿ. ಎಲ್ಲರಂತೆ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದ.

"ಸರಿ ಆಯ್ತಾ ಅಮ್ಮ?"

"ನೀವೇ ಹಿಡಿದು ನೋಡಿ ಸರ್. ಟ್ರಯಲ್ ನೋಡದೆ ನಾನು ಯಾರಿಗೂ ಮೆಷಿನ್ ಕೊಡುವುದಿಲ್ಲ." ನವ್ಯಾ ಪ್ಲಗ್ ಸಿಕ್ಕಿಸಿದಳು.

ಶಿವಕೃಷ್ಣ ಒದ್ದೆ ನೆಲ ನೋಡಿದ. ತನ್ನ ಕಾಲು ನೋಡಿದ. ಚಾಚಿದ ಕೈ ಹಿಂದೆ ಬಂತು.

"ನಿಲ್ಲು, ಚಪ್ಪಲಿ ಹಾಕಿ ಬರ್ತೇನೆ."

"ಒಳಗೆ ಚಪ್ಪಲಿ ಬೇಡ ಸರ್. ಹಿಡೀರಿ."

"ನಿಂಗೆ ಮಂಡೆ ಸಮ ಉಂಟಾ ಮಾರಾಯ್ತಿ? ಅದರ ಬಾಡಿ ಶಾಕ್ ಹೊಡೀತದೆ! ಮೊದಲಿಂದ್ಲೂ ಹಾಗೆಯೇ. ರಬ್ಬರ್ ಚಪ್ಪಲಿ ಇಲ್ಲದೆ ನಾನು ಅದನ್ನು ಮುಟ್ಟಿದವನೇ ಅಲ್ಲ!"

ಶೀನಪ್ಪನ ಮುಖ ಕಪ್ಪಿಟ್ಟಿತು.

"ಗೊತ್ತಿದ್ದೂ ಆ ಹುಡುಗನ ಕೈಗೆ ಕೊಟ್ಟಿರಾ ಧಣಿ? ನಿಮ್ಮ ಮಾತು ನಂಬಿ ನಾನು ಪೊಲೀಸರಿಗೆ ಸುಳ್ಳು ಹೇಳಿದೆನಲ್ಲ! ಅನ್ಸಾಫ್, ಬಾ. ಈಗಲೇ ಸ್ಟೇಷನ್ನಿಗೆ ಹೋಗುವ."

ಶಿವಕೃಷ್ಣ ತಬ್ಬಿಬ್ಬಾಗಿ ನವ್ಯಾಳತ್ತ ತಿರುಗಿದ. "ನೀನೇ ಹೇಳಮ್ಮ. ಹೊಡೀತದೆ ಅಲ್ವಾ?"

ನವ್ಯಾ ಆ ಒದ್ದೆ ನೆಲದ ಮೇಲೆ ಬರಿಗಾಲಲ್ಲೇ ನಿಂತು, ರೂಟರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಸ್ವಿಚ್ ಒತ್ತಿದಳು. ಯಂತ್ರ ಮೊರೆಯಿತು. ಅವಳಿಗೇನೂ ಆಗಲಿಲ್ಲ.

"ನಿನ್ನೆಯೇ ಸರಿ ಮಾಡಿದ್ದೇನೆ ಸರ್. ಇನ್ನು ಇದನ್ನು ಯಾರು ಬೇಕಾದ್ರೂ ಹಿಡೀಬಹುದು."